ಸೆಕೆಯ ನಾಡಿನಲ್ಲಿ ಮಂಜುಗಡ್ಡೆಯ ಅಂಗಳ: ವಿಜಯನಗರದ ಲೆಕ್ಕಾಚಾರವೇನು?

ಮೈಸೂರಿನ ವಿಜಯನಗರದಂತಹ ಬಡಾವಣೆಗಳಲ್ಲಿ ಬೆಳಗಿನ ಹೊತ್ತು ಗಾಲಿ ಸ್ಕೇಟ್ ಕಟ್ಟಿಕೊಂಡು ಸುತ್ತು ಹಾಕುವ ಮಕ್ಕಳು ಕಾಣಸಿಗುವುದು ಹೊಸ ಸಂಗತಿಯೇನಲ್ಲ. ತಲೆಗೆ ಹೆಲ್ಮೆಟ್, ಮೊಣಕಾಲಿಗೆ ಕಟ್ಟು, ಪಕ್ಕದಲ್ಲಿ ನೀರಿನ ಬಾಟಲಿ ಹಿಡಿದು ನಿಂತ ಪೋಷಕರು. ಇದೇ ಮಕ್ಕಳು ಗಾಲಿಯ ಬದಲು ಉಕ್ಕಿನ ಅಲಗಿನ ಮೇಲೆ, ಕಾಂಕ್ರೀಟಿನ ಬದಲು ಮಂಜುಗಡ್ಡೆಯ ಮೇಲೆ ಓಡಬೇಕೆಂದು ಬಯಸಿದರೆ ಏನು ಮಾಡಬೇಕು? ಕರ್ನಾಟಕದಲ್ಲಿ ಅಂತರರಾಷ್ಟ್ರೀಯ ಅಳತೆಯ ಐಸ್ ರಿಂಕ್ ಒಂದೂ ಇಲ್ಲ. ಡೆಹ್ರಾಡೂನ್, ಶಿಮ್ಲಾ, ಲೇಹ್ ಎಂದು ಉತ್ತರದ ಕಡೆಗೆ ಮುಖ ಮಾಡಬೇಕಾಗುತ್ತದೆ.

ವಿಚಿತ್ರವೆಂದರೆ, ಹಿಮವೇ ಬೀಳದ ಈ ರಾಜ್ಯ ಚಳಿಗಾಲದ ಕ್ರೀಡೆಗಳಲ್ಲಿ ಹಿಂದುಳಿದಿಲ್ಲ. 2024ರ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದ ಪದಕ ಪಟ್ಟಿಯಲ್ಲಿ ಸೇನಾ ತಂಡದ ನಂತರದ ಸ್ಥಾನ ಕರ್ನಾಟಕಕ್ಕೆ ದೊರೆತಿತ್ತು. ಮೈಸೂರಿನ ನೆರೆಯ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು ಹಿಮದ ಮೇಲಿನ ದೂರದೋಟದಲ್ಲಿ, ಅಂದರೆ ಕ್ರಾಸ್ ಕಂಟ್ರಿ ಸ್ಕೀಯಿಂಗ್‌ನಲ್ಲಿ, ದೇಶವನ್ನು ಪ್ರತಿನಿಧಿಸಿದ್ದಾರೆ. ಸ್ಕೀಯಿಂಗ್‌ಗೆ ಬೆಟ್ಟವೂ ಹಿಮವೂ ಬೇಕು. ಅದನ್ನು ಮೈಸೂರಿಗೆ ತರಲಾಗದು. ಸ್ಕೇಟಿಂಗ್ ಹಾಗಲ್ಲ. ಅದಕ್ಕೆ ಬೇಕಾದುದು ಒಂದು ಸಮತಟ್ಟಾದ ಅಂಗಳ, ಒಂದು ಛಾವಣಿ ಮತ್ತು ಒಂದು ಯಂತ್ರ. ಹಾಗಾದರೆ ಸಾರ್ವಜನಿಕರು ಟಿಕೆಟ್ ಪಡೆದು ಆಡಬಹುದಾದ, ಉಳಿದ ಹೊತ್ತಿನಲ್ಲಿ ಸಮಾರಂಭಗಳಿಗೆ ಬಾಡಿಗೆಗೆ ದೊರೆಯುವ ಸಮುದಾಯ ಐಸ್ ಅಂಗಳವೊಂದು ವಿಜಯನಗರದಂತಹ ಬಡಾವಣೆಯಲ್ಲಿ ನಿಲ್ಲಬಲ್ಲುದೇ? ಕಟ್ಟುವುದು ಕಷ್ಟವೇನಲ್ಲ. ಕಷ್ಟವಿರುವುದು ಕಟ್ಟಿದ ಮೇಲೆ.

ಅಂಗಳದ ಕೆಳಗೆ ಏನಿದೆ?

ಐಸ್ ರಿಂಕ್ ಎಂದರೆ ಹೆಪ್ಪುಗಟ್ಟಿದ ಕೊಳವೆಂಬ ಕಲ್ಪನೆ ಸಾಮಾನ್ಯ. ವಾಸ್ತವದಲ್ಲಿ ಅದು ನೆಲದ ಮೇಲೆ ಮಲಗಿಸಿದ ಒಂದು ಬೃಹತ್ ಫ್ರಿಜ್. ಶಾರ್ಟ್ ಟ್ರ್ಯಾಕ್ ವೇಗದ ಸ್ಪರ್ಧೆಗಳಿಗೆ ನಿಗದಿಯಾದ ಅಂಗಳದ ಅಳತೆ 60 ಮೀಟರ್ ಉದ್ದ, 30 ಮೀಟರ್ ಅಗಲ. ಅಂದರೆ 1,800 ಚದರ ಮೀಟರ್. ವಿಜಯನಗರದವರಿಗೆ ಅರ್ಥವಾಗುವ ಅಳತೆಯಲ್ಲಿ ಹೇಳುವುದಾದರೆ, ಮಂಜುಗಡ್ಡೆಗೆ ಮಾತ್ರವೇ 60-40ರ ಎಂಟು ನಿವೇಶನಗಳಷ್ಟು ಜಾಗ ಬೇಕು. ಪ್ರೇಕ್ಷಕರ ಆಸನ, ಬೂಟು ಬದಲಿಸುವ ಕೋಣೆ, ಯಂತ್ರಾಗಾರ, ವಾಹನ ನಿಲುಗಡೆ ಇವೆಲ್ಲ ಬೇರೆ.

ಆ ಅಂಗಳದ ಮಂಜುಗಡ್ಡೆಯ ದಪ್ಪ ಕೇವಲ ಎರಡೂವರೆಯಿಂದ ನಾಲ್ಕು ಸೆಂಟಿಮೀಟರ್. ಅದರ ಕೆಳಗೆ ಕಾಂಕ್ರೀಟ್ ಹಾಸು. ಹಾಸಿನೊಳಗೆ ಒತ್ತೊತ್ತಾಗಿ ಹುದುಗಿಸಿದ ಕೊಳವೆಗಳು. ಹತ್ತು ಸೆಂಟಿಮೀಟರ್‌ಗೊಂದರಂತೆ ಕೊಳವೆ ಹಾಕಿದರೂ ಒಟ್ಟು ಉದ್ದ 18 ಕಿಲೋಮೀಟರ್ ಆಗುತ್ತದೆ. ಮೈಸೂರಿನಿಂದ ಶ್ರೀರಂಗಪಟ್ಟಣಕ್ಕೆ ಎಳೆದು ಇನ್ನೂ ಉಳಿಯುವಷ್ಟು. ಶೂನ್ಯಕ್ಕಿಂತ ಕೆಳಗಿನ ತಾಪದಲ್ಲಿಯೂ ಹೆಪ್ಪುಗಟ್ಟದ ಉಪ್ಪುನೀರು ಅಥವಾ ಗ್ಲೈಕಾಲ್ ದ್ರಾವಣ ಈ ಕೊಳವೆಗಳಲ್ಲಿ ಹರಿಯುತ್ತಾ ನೆಲದ ಶಾಖವನ್ನು ಹೊತ್ತು ಯಂತ್ರಾಗಾರಕ್ಕೆ ಒಯ್ಯುತ್ತದೆ. ಅಲ್ಲಿ ಕಂಪ್ರೆಸರ್ ಆ ಶಾಖವನ್ನು ಹಿಂಡಿ ಹೊರಗೆ ಬಿಸಾಡುತ್ತದೆ. ಮನೆಯ ಫ್ರಿಜ್‌ನ ಹಿಂಬದಿ ಬಿಸಿಯಾಗಿರುವುದಕ್ಕೂ ಇದೇ ಕಾರಣ.

ಕಾಂಕ್ರೀಟಿನ ಕೆಳಗೆ ಇನ್ನೂ ಎರಡು ಪದರಗಳಿವೆ. ಒಂದು, ಶಾಖ ನಿರೋಧಕ ಹಾಸು. ಇನ್ನೊಂದು, ಕೇಳಲು ತಮಾಷೆಯೆನಿಸುವ ಬಿಸಿ ಕೊಳವೆಗಳ ಪದರ. ನೆಲವನ್ನು ತಂಪು ಮಾಡಲು ಹೊರಟವರು ಅದರ ಕೆಳಗೇ ಬಿಸಿ ಏಕೆ ಮಾಡುತ್ತಾರೆ? ತಂಪು ಕೆಳಗಿಳಿದು ಮಣ್ಣಿನಲ್ಲಿರುವ ತೇವವೇ ಹೆಪ್ಪುಗಟ್ಟಿದರೆ ಅದು ಹಿಗ್ಗಿ ಇಡೀ ಹಾಸನ್ನು ಮೇಲಕ್ಕೆತ್ತಿ ಸೀಳಿಬಿಡುತ್ತದೆ. ಅದನ್ನು ತಡೆಯಲು ಮಣ್ಣನ್ನು ಸದಾ ಶೂನ್ಯಕ್ಕಿಂತ ಮೇಲಿಟ್ಟಿರಬೇಕು.

ಮಂಜುಗಡ್ಡೆಯನ್ನು ಒಮ್ಮೆಲೇ ಸುರಿದು ಕಟ್ಟುವುದೂ ಇಲ್ಲ. ನೀರನ್ನು ತೆಳ್ಳಗೆ ಸಿಂಪಡಿಸಿ, ಅದು ಗಟ್ಟಿಯಾದ ಮೇಲೆ ಮತ್ತೊಂದು ಪದರ, ಅದರ ಮೇಲೆ ಬಿಳಿ ಬಣ್ಣ, ಬಣ್ಣದ ಮೇಲೆ ಗೆರೆಗಳು, ಮತ್ತೆ ನೀರಿನ ಪದರಗಳು. ನಾವು ಟಿವಿಯಲ್ಲಿ ಕಾಣುವ ಬಿಳುಪು ಮಂಜಿನದಲ್ಲ, ಬಣ್ಣದ್ದು. ನೀರಿನ ಗುಣವೂ ಮುಖ್ಯ. ಲವಣಾಂಶ ಹೆಚ್ಚಿರುವ ಕೊಳವೆಬಾವಿಯ ನೀರಿನಿಂದ ಮಾಡಿದ ಮಂಜುಗಡ್ಡೆ ಮಸುಕಾಗಿಯೂ ಪೆಡಸಾಗಿಯೂ ಇರುತ್ತದೆ. ಶುದ್ಧೀಕರಿಸಿದ ನೀರೇ ಬೇಕು.

ಜಾರುವುದೇಕೆ?

ಅಲಗಿನ ಒತ್ತಡದಿಂದ ಮಂಜುಗಡ್ಡೆ ಕರಗಿ ನೀರಾಗುತ್ತದೆ, ಆದ್ದರಿಂದ ಜಾರುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಡುವುದುಂಟು. ಇದು ಅರ್ಧ ಸತ್ಯ ಮಾತ್ರ. ಮನುಷ್ಯನ ತೂಕದಿಂದ ಉಂಟಾಗುವ ಒತ್ತಡ ಕರಗುವ ತಾಪಮಾನವನ್ನು ಅತ್ಯಲ್ಪ ಪ್ರಮಾಣದಲ್ಲಷ್ಟೇ ತಗ್ಗಿಸಬಲ್ಲುದು. ಮಂಜುಗಡ್ಡೆಯ ಮೇಲ್ಮೈಯಲ್ಲಿ ಸಹಜವಾಗಿಯೇ ನೀರಿನಂತೆ ಸಡಿಲವಾಗಿರುವ ಅತಿ ತೆಳುವಾದ ಪದರವೊಂದಿದೆ ಎಂಬ ಸೂಚನೆಯನ್ನು ಮೈಕೆಲ್ ಫ್ಯಾರಡೆ 1850ರಷ್ಟು ಹಿಂದೆಯೇ ಕೊಟ್ಟಿದ್ದರು. ಅಲಗಿನ ಉಜ್ಜುವಿಕೆಯಿಂದ ಹುಟ್ಟುವ ಶಾಖವೂ ಇದಕ್ಕೆ ಕೂಡಿಕೊಳ್ಳುತ್ತದೆ. ಆದ್ದರಿಂದ ತಂಪು ಹೆಚ್ಚಾದಷ್ಟೂ ಒಳ್ಳೆಯದು ಎಂಬುದು ಸರಿಯಲ್ಲ. ಫಿಗರ್ ಸ್ಕೇಟಿಂಗ್ ಮಾಡುವವರು ಜಿಗಿದು ಇಳಿಯಲು ಅನುಕೂಲವಾದ, ಶೂನ್ಯಕ್ಕಿಂತ ಮೂರು ನಾಲ್ಕು ಡಿಗ್ರಿ ಕೆಳಗಿನ ಮೆದು ಮಂಜುಗಡ್ಡೆಯನ್ನು ಬಯಸುತ್ತಾರೆ. ಐಸ್ ಹಾಕಿ ಆಡುವವರಿಗೆ ಇನ್ನೂ ಒಂದೆರಡು ಡಿಗ್ರಿ ಗಟ್ಟಿಯಾದದ್ದು ಬೇಕು.

ನೂರಾರು ಅಲಗುಗಳು ಒಂದು ಗಂಟೆ ಓಡಾಡಿದರೆ ಮೇಲ್ಮೈ ಉತ್ತ ಹೊಲದಂತಾಗುತ್ತದೆ. ಹಿಂದೆ ಹಲವು ಆಳುಗಳು ಗಂಟೆಗೂ ಹೆಚ್ಚು ಕಾಲ ಕೆರೆದು, ಗುಡಿಸಿ, ನೀರು ಹಾಕಬೇಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ಸ್ವತಃ ರಿಂಕ್ ನಡೆಸುತ್ತಿದ್ದ ಫ್ರಾಂಕ್ ಜಂಬೋನಿ 1949ರಲ್ಲಿ ಈ ಕೆಲಸಕ್ಕೆ ಯಂತ್ರವೊಂದನ್ನು ರೂಪಿಸಿದರು. ಅದು ಮೇಲ್ಪದರವನ್ನು ಹೆರೆದು, ತೊಳೆದು, ಹಿಂದಿನಿಂದ ಬಿಸಿನೀರನ್ನು ತೆಳ್ಳಗೆ ಸವರುತ್ತಾ ಸಾಗುತ್ತದೆ. ಬಿಸಿನೀರೇ ಏಕೆಂದರೆ, ಅದು ಕೆಳಗಿನ ಗೀರುಗಳನ್ನು ಕರಗಿಸಿ ಅವುಗಳೊಂದಿಗೆ ಬೆಸೆದುಕೊಳ್ಳುತ್ತದೆ. ಅದರಲ್ಲಿ ಕರಗಿದ ಗಾಳಿಯೂ ಕಡಿಮೆ. ಇಂದಿಗೂ ಆ ಯಂತ್ರವನ್ನು ಜಂಬೋನಿ ಎಂದೇ ಕರೆಯಲಾಗುತ್ತದೆ. ಅನಿಲದಿಂದ ಓಡುವ ಯಂತ್ರಗಳು ಮುಚ್ಚಿದ ಕಟ್ಟಡದಲ್ಲಿ ವಿಷಾನಿಲ ತುಂಬಿಸಬಲ್ಲವಾದ್ದರಿಂದ ಬ್ಯಾಟರಿ ಚಾಲಿತ ಯಂತ್ರಗಳೇ ಲೇಸು.

ಬಿಸಿಲಿಗಿಂತ ದೊಡ್ಡ ಶತ್ರುಗಳು

ಯಂತ್ರದಿಂದ ತಂಪಾಗಿಸಿದ ಜಗತ್ತಿನ ಮೊದಲ ರಿಂಕ್ 1876ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ಜಾನ್ ಗ್ಯಾಮ್ಜಿ ಎಂಬಾತನಿಂದ ಆರಂಭವಾಯಿತು. ಗ್ಲೇಸಿಯೇರಿಯಂ ಎಂಬುದು ಅದರ ಹೆಸರು. ತಾಮ್ರದ ಕೊಳವೆಗಳಲ್ಲಿ ಗ್ಲಿಸರಿನ್ ಬೆರೆಸಿದ ದ್ರಾವಣ ಹರಿಸಲಾಗುತ್ತಿತ್ತು. ಖರ್ಚು ವಿಪರೀತವಾಗಿತ್ತು, ಜೊತೆಗೆ ಮಂಜುಗಡ್ಡೆಯ ಮೇಲೆ ಏಳುತ್ತಿದ್ದ ಕಾವಳದಿಂದ ಗಿರಾಕಿಗಳು ದೂರವಾದರು. ಲಂಡನ್ನಿನ ಚಳಿಯಲ್ಲೇ ಹೀಗಾದರೆ ಮೈಸೂರಿನ ಆಷಾಢದ ಗಾಳಿಯಲ್ಲಿ ಏನಾಗಬಹುದು?

ತೇವಾಂಶ ತುಂಬಿದ ಗಾಳಿ ಮಂಜುಗಡ್ಡೆಗೆ ತಾಗಿದಾಗ ಎರಡು ಕೆಡುಕುಗಳಾಗುತ್ತವೆ. ಆವಿಯು ನೀರಾಗಿ, ನೀರು ಮಂಜಾಗಿ ಮಾರ್ಪಡುವಾಗ ತನ್ನಲ್ಲಿದ್ದ ಶಾಖವನ್ನೆಲ್ಲ ಅಂಗಳಕ್ಕೆ ಬಿಟ್ಟುಕೊಡುತ್ತದೆ. ಜೊತೆಗೆ ಛಾವಣಿಯಿಂದ ಹನಿಗಳು ತೊಟ್ಟಿಕ್ಕಿ ಅಂಗಳದ ಮೇಲೆ ಗುಬುಟುಗಳಾಗುತ್ತವೆ. ಆದ್ದರಿಂದ ಗಾಳಿಯ ತೇವವನ್ನು ಹೀರುವ ಪ್ರತ್ಯೇಕ ಯಂತ್ರವಿಲ್ಲದೆ ದಕ್ಷಿಣ ಭಾರತದಲ್ಲಿ ರಿಂಕ್ ಕಟ್ಟುವುದೆಂದರೆ ಹಣವನ್ನು ಮಂಜು ಮಾಡಿದಂತೆಯೇ ಸರಿ.

ಇನ್ನೊಂದು ಶತ್ರು ಛಾವಣಿ. ಬಿಸಿಲು ಒಳಗೆ ಬಾರದಿದ್ದರೂ ಬಿಸಿಯಾದ ತಗಡು ಕಣ್ಣಿಗೆ ಕಾಣದ ವಿಕಿರಣದ ರೂಪದಲ್ಲಿ ಶಾಖವನ್ನು ಕೆಳಗೆ ಸುರಿಸುತ್ತಲೇ ಇರುತ್ತದೆ. ಛಾವಣಿಯ ಒಳಮೈ 28 ಡಿಗ್ರಿ, ಮಂಜುಗಡ್ಡೆ ಶೂನ್ಯಕ್ಕಿಂತ 5 ಡಿಗ್ರಿ ಕೆಳಗೆ ಇದ್ದರೆ, ಭೌತಶಾಸ್ತ್ರದ ಸೂತ್ರದಂತೆ ಪ್ರತಿ ಚದರ ಮೀಟರಿಗೆ ಸುಮಾರು 150 ವ್ಯಾಟ್ ಶಾಖ ಇಳಿಯುತ್ತದೆ. 1,800 ಚದರ ಮೀಟರಿಗೆ ಲೆಕ್ಕ ಹಾಕಿದರೆ 270 ಕಿಲೋವ್ಯಾಟ್. ಪರಿಹಾರ ಅಚ್ಚರಿಯೆನಿಸುವಷ್ಟು ಸರಳ: ಛಾವಣಿಯ ಕೆಳಗೆ ಹೊಳಪಿನ ಅಲ್ಯೂಮಿನಿಯಂ ಹಾಳೆ ಕಟ್ಟುವುದು. ಹೊಳಪಿನ ಲೋಹ ಶಾಖವನ್ನು ಹೊರಸೂಸುವುದು ಬಹಳ ಕಡಿಮೆಯಾದ್ದರಿಂದ ಈ ಹೊರೆಯ ಬಹುಭಾಗ ಅಲ್ಲಿಗೇ ನಿಲ್ಲುತ್ತದೆ.

ಬಿಸಿನಾಡಿಗೆ ಮಂಜುಗಡ್ಡೆ ತರುವ ಹುಚ್ಚು ಇಂದಿನದಲ್ಲ. 1833ರಲ್ಲಿ ಬಾಸ್ಟನ್ನಿನ ವ್ಯಾಪಾರಿ ಫ್ರೆಡರಿಕ್ ಟ್ಯೂಡರ್ ಅಲ್ಲಿನ ಕೊಳಗಳಿಂದ ಕೊಯ್ದ 180 ಟನ್ ಮಂಜುಗಡ್ಡೆಯನ್ನು ಮರದ ಹೊಟ್ಟಿನಲ್ಲಿ ಹೂತು ಹಡಗಿನಲ್ಲಿ ಕಲ್ಕತ್ತೆಗೆ ಕಳಿಸಿದ. ನಾಲ್ಕು ತಿಂಗಳ ಪಯಣದ ನಂತರವೂ ಸುಮಾರು 100 ಟನ್ ಉಳಿದಿತ್ತು. ಮದರಾಸಿನಲ್ಲಿ ಅದನ್ನಿಡಲು ಕಟ್ಟಿದ ಐಸ್ ಹೌಸ್ ಇಂದು ವಿವೇಕಾನಂದರ್ ಇಲ್ಲಂ ಎಂಬ ಹೆಸರಿನಲ್ಲಿ ಕಡಲತೀರದಲ್ಲಿ ನಿಂತಿದೆ.

ಡೆಹ್ರಾಡೂನ್ ಕಲಿಸುವ ಪಾಠ

ಭಾರತದಲ್ಲಿ ಸ್ಕೇಟಿಂಗ್‌ನ ಅತ್ಯಂತ ಹಳೆಯ ತಾಣ ಶಿಮ್ಲಾ. 1920ರಲ್ಲಿ ಬ್ಲೆಸಿಂಗ್ಟನ್ ಎಂಬ ಆಂಗ್ಲ ಅಧಿಕಾರಿ ಟೆನಿಸ್ ಅಂಗಳಕ್ಕೆ ನೀರು ಹಾಯಿಸಿ ರಾತ್ರಿಯ ಚಳಿಗೆ ಬಿಟ್ಟಾಗ ಅದು ಆರಂಭವಾಯಿತೆನ್ನುತ್ತಾರೆ. ಅಲ್ಲಿ ಇಂದಿಗೂ ನೀರನ್ನು ಹೆಪ್ಪುಗಟ್ಟಿಸುವುದು ಪ್ರಕೃತಿಯೇ. ಮೋಡ ಕವಿದರೆ, ರಾತ್ರಿ ಬೆಚ್ಚಗಾದರೆ ಮರುದಿನ ಆಟವಿಲ್ಲ. ಚಳಿಗಾಲಗಳು ಬೆಚ್ಚಗಾಗುತ್ತಾ ಬಂದಂತೆ ಆಟದ ದಿನಗಳೂ ಕುಗ್ಗಿವೆ.

ಯಂತ್ರದ ರಿಂಕ್‌ಗಳ ಕಥೆಯೇ ಬೇರೆ. ಗುರುಗ್ರಾಮದ ಆಂಬಿಯೆನ್ಸ್ ಮಾಲ್‌ನ ಮೇಲಂತಸ್ತಿನಲ್ಲಿ ಕಳೆದ ದಶಕದ ಆರಂಭದಲ್ಲಿ ತೆರೆದ ಐಸ್ಕೇಟ್ ಹಲವು ರಾಷ್ಟ್ರೀಯ ಸ್ಪರ್ಧೆಗಳಿಗೆ ವೇದಿಕೆಯಾಯಿತು. 2013ರಲ್ಲಿ ಕೊಚ್ಚಿಯ ಲುಲು ಮಾಲ್ ಆರಂಭವಾದಾಗ ಅದರೊಳಗೂ ಸಣ್ಣದೊಂದು ಐಸ್ ರಿಂಕ್ ಇತ್ತು. ಕೊಚ್ಚಿಯ ಸೆಕೆಯಲ್ಲಿ ಮಂಜುಗಡ್ಡೆ ನಿಲ್ಲುವುದಾದರೆ ಮೈಸೂರಿನಲ್ಲಿ ನಿಲ್ಲುವುದಕ್ಕೆ ತಾಂತ್ರಿಕ ಅಡ್ಡಿಯೇನೂ ಇರಲಾರದು.

ಆದರೆ ಸರ್ಕಾರವೇ ಕಟ್ಟಿದ ರಿಂಕ್‌ನ ಅನುಭವ ಬೇರೆಯೇ ಇದೆ. 2011ರ ಜನವರಿಯಲ್ಲಿ ನಡೆದ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟಕ್ಕಾಗಿ ಡೆಹ್ರಾಡೂನಿನ ರಾಯ್ಪುರದ ಮಹಾರಾಣಾ ಪ್ರತಾಪ್ ಕ್ರೀಡಾ ಕಾಲೇಜಿನ ಆವರಣದಲ್ಲಿ ಪೂರ್ಣ ಅಳತೆಯ ಒಳಾಂಗಣ ರಿಂಕ್ ನಿರ್ಮಾಣವಾಯಿತು. ಹತ್ತಾರು ಕೋಟಿ ರೂಪಾಯಿ ವೆಚ್ಚವಾಯಿತು. 2012ರಲ್ಲಿ ಏಷ್ಯಾದ ಐಸ್ ಹಾಕಿ ಚಾಲೆಂಜ್ ಕಪ್ ಕೂಡ ಅಲ್ಲಿ ನಡೆಯಿತು. ಆಮೇಲೆ ಯಂತ್ರಗಳು ನಿಂತವು. ವಿದ್ಯುತ್ ಬಿಲ್ಲು ಮತ್ತು ನಿರ್ವಹಣೆಯ ಹೊರೆ ಹೊರುವವರಿಲ್ಲದೆ ದೇಶದ ಏಕೈಕ ಪೂರ್ಣ ಅಳತೆಯ ಒಳಾಂಗಣ ರಿಂಕ್ ಒಂದು ದಶಕಕ್ಕೂ ಹೆಚ್ಚು ಕಾಲ ಪಾಳುಬಿದ್ದಿತು. ಆ ಅವಧಿಯಲ್ಲಿ ಬೆಳೆದ ಮಕ್ಕಳು ಗಾಲಿ ಸ್ಕೇಟ್ ಮೇಲೆ ಅಭ್ಯಾಸ ಮಾಡಿ, ಹಣವಿದ್ದವರು ವಿದೇಶಕ್ಕೆ ಹೋಗಿ ಮಂಜುಗಡ್ಡೆ ಮುಟ್ಟಿದರು. ಕೊನೆಗೆ ದುರಸ್ತಿಯಾಗಿ ಹಿಮಾದ್ರಿ ಎಂಬ ಹೆಸರಿನಲ್ಲಿ ಮರಳಿ ತೆರೆದು, 2025ರ ಆಗಸ್ಟ್‌ನಲ್ಲಿ ಏಷ್ಯನ್ ಓಪನ್ ಶಾರ್ಟ್ ಟ್ರ್ಯಾಕ್ ಸ್ಪರ್ಧೆಗೆ ಆತಿಥ್ಯ ವಹಿಸಿತು.

ಗಮನಿಸಬೇಕಾದ ಸಂಗತಿಯೊಂದಿದೆ. ಡೆಹ್ರಾಡೂನ್ ಹಿಮಾಲಯದ ಬುಡದಲ್ಲಿದ್ದರೂ ಸಮುದ್ರಮಟ್ಟದಿಂದ ಅದರ ಎತ್ತರ ಮೈಸೂರಿಗಿಂತ ಕಡಿಮೆ. ಬೇಸಿಗೆಯಲ್ಲಿ ಅಲ್ಲಿ 40 ಡಿಗ್ರಿ ಮುಟ್ಟುವ ದಿನಗಳಿವೆ. ಮೈಸೂರಿನಲ್ಲಿ ಅಷ್ಟು ಬಿಸಿ ಅಪರೂಪ. ಆದ್ದರಿಂದ ಆ ರಿಂಕ್ ಮುಚ್ಚಿದ್ದಕ್ಕೆ ಹವೆಯನ್ನು ದೂರುವಂತಿಲ್ಲ. ಕಟ್ಟುವ ಹಣಕ್ಕೆ ಕ್ರೀಡಾಕೂಟವೆಂಬ ನೆಪವಿತ್ತು, ನಡೆಸುವ ಹಣಕ್ಕೆ ಯಾವ ನೆಪವೂ ಇರಲಿಲ್ಲ.

ಬಿಲ್ಲು ಎಷ್ಟು ಬರುತ್ತದೆ?

ವಿಜಯನಗರಕ್ಕೆ ಈ ಪ್ರಶ್ನೆ ದೂರದ್ದಲ್ಲ. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ಕೇಂದ್ರ ಕಚೇರಿ ಇರುವುದು ಇದೇ ಬಡಾವಣೆಯ ಎರಡನೇ ಹಂತದಲ್ಲಿ.

ಮೊದಲು ಮಂಜುಗಡ್ಡೆ ಮಾಡುವ ಖರ್ಚು. ಮೂರು ಸೆಂಟಿಮೀಟರ್ ದಪ್ಪದ ಅಂಗಳಕ್ಕೆ ಸುಮಾರು 50 ಸಾವಿರ ಲೀಟರ್ ನೀರು ಬೇಕು. ಅದನ್ನು 25 ಡಿಗ್ರಿಯಿಂದ ಶೂನ್ಯಕ್ಕಿಳಿಸಿ, ಹೆಪ್ಪುಗಟ್ಟಿಸಿ, ಇನ್ನೂ 5 ಡಿಗ್ರಿ ತಂಪಾಗಿಸಲು ಹೊರತೆಗೆಯಬೇಕಾದ ಶಾಖ ಸುಮಾರು 6,200 ಯೂನಿಟ್‌ಗೆ ಸಮ. ಒಂದು ಯೂನಿಟ್ ವಿದ್ಯುತ್ತಿನಿಂದ ಎರಡೂವರೆ ಯೂನಿಟ್ ಶಾಖ ಎತ್ತುವ ಯಂತ್ರವಿದ್ದರೆ 2,500 ಯೂನಿಟ್ ಸಾಕು. ಯೂನಿಟ್‌ಗೆ 8 ರೂಪಾಯಿ ಎಂದುಕೊಂಡರೂ 20 ಸಾವಿರ ರೂಪಾಯಿ. ಕಟ್ಟುವಾಗಲೇ ಸೋರಿಹೋಗುವ ತಂಪನ್ನು ಸೇರಿಸಿದರೂ ಇದು ದೊಡ್ಡ ಮೊತ್ತವಲ್ಲ. ಒಂದು ಸಾಧಾರಣ ಮದುವೆಯ ಹೂವಿನ ಅಲಂಕಾರಕ್ಕಿಂತ ಕಡಿಮೆಯೇ ಆದೀತು.

ಈಗ ಕಾಪಾಡುವ ಖರ್ಚು. ಕಂಪ್ರೆಸರ್, ಪಂಪು, ತೇವ ಹೀರುವ ಯಂತ್ರ, ದೀಪ ಎಲ್ಲ ಸೇರಿ ದಿನದ ಸರಾಸರಿ ಬಳಕೆ 200 ಕಿಲೋವ್ಯಾಟ್ ಎಂದಿಟ್ಟುಕೊಳ್ಳೋಣ. 24 ಗಂಟೆಗೆ 4,800 ಯೂನಿಟ್. ಅದೇ ದರದಲ್ಲಿ ದಿನಕ್ಕೆ 38,400 ರೂಪಾಯಿ, ತಿಂಗಳಿಗೆ ಹನ್ನೊಂದೂವರೆ ಲಕ್ಷ, ವರ್ಷಕ್ಕೆ 1 ಕೋಟಿ 40 ಲಕ್ಷ ರೂಪಾಯಿ. ಅಂದರೆ ಮಂಜುಗಡ್ಡೆಯನ್ನು ಮಾಡುವುದಕ್ಕಿಂತ ಅದನ್ನು ಒಂದು ದಿನ ಉಳಿಸಿಕೊಳ್ಳುವುದೇ ದುಬಾರಿ. ರಾತ್ರಿ ಯಾರೂ ಇಲ್ಲವೆಂದು ಯಂತ್ರ ನಿಲ್ಲಿಸುವಂತಿಲ್ಲ. ಹೆಚ್ಚೆಂದರೆ ತಾಪವನ್ನು ಒಂದೆರಡು ಡಿಗ್ರಿ ಏರಲು ಬಿಟ್ಟು ಅಲ್ಪಸ್ವಲ್ಪ ಉಳಿಸಬಹುದು.

ಗಂಟೆಗೆ 400 ರೂಪಾಯಿ ಟಿಕೆಟ್ ಇಟ್ಟರೆ ವಿದ್ಯುತ್ತಿಗೆ ಮಾತ್ರವೇ ದಿನಕ್ಕೆ 96 ಮಂದಿ ಬರಬೇಕು. ತರಬೇತುದಾರರು, ತಂತ್ರಜ್ಞರು, ಕಾವಲುಗಾರರು, ಬಾಡಿಗೆ ಬೂಟುಗಳ ಅಲಗು ಹರಿತಗೊಳಿಸುವವರು, ವಿಮೆ, ಯಂತ್ರದ ದುರಸ್ತಿ, ಕಟ್ಟಡದ ಸಾಲದ ಕಂತು ಇವನ್ನೆಲ್ಲ ಸೇರಿಸಿದರೆ ಇದರ ಎರಡು ಮೂರು ಪಟ್ಟು ಜನ ಬೇಕಾಗುತ್ತದೆ. ಭಾನುವಾರ, ದಸರೆ, ಏಪ್ರಿಲ್-ಮೇ ರಜೆಯಲ್ಲಿ ಇದು ಸಾಧ್ಯ. ಪರೀಕ್ಷೆಯ ತಿಂಗಳ ಮಂಗಳವಾರ ಮಧ್ಯಾಹ್ನ ಯಾರು ಬರುತ್ತಾರೆ?

ನೀರಿನ ವಿಷಯದಲ್ಲಿ ಮಾತ್ರ ಜನರಿಗೆ ಇರುವ ಆತಂಕ ಅತಿಯಾದುದು. ಕಾವೇರಿ, ಕಬಿನಿಯ ನೀರು ಕುಡಿಯುವ ನಗರದಲ್ಲಿ ಈ ಪ್ರಶ್ನೆ ಏಳಲೇಬೇಕು, ನಿಜ. ಆದರೆ ಅಂಗಳ ನುಣುಪು ಮಾಡಲು ಪ್ರತಿ ಸಲ ಬೇಕಾಗುವುದು ಕೆಲವು ನೂರು ಲೀಟರ್. ದಿನಕ್ಕೆ ಒಂದು ಸಣ್ಣ ಟ್ಯಾಂಕರ್‌ನಷ್ಟು. ಹೆರೆದ ಮಂಜನ್ನು ಕರಗಿಸಿ ಶೋಧಿಸಿ ಮರುಬಳಕೆ ಮಾಡಲೂ ಬಹುದು.

ಸಮಾರಂಭದ ಬಾಡಿಗೆ ಕೈಹಿಡಿದೀತೇ?

ಕೆನಡಾ, ಅಮೆರಿಕದ ಉತ್ತರ ರಾಜ್ಯಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳಿಗೆ ಸಮುದಾಯ ಐಸ್ ಅಂಗಳವೆಂದರೆ ನಮ್ಮಲ್ಲಿನ ಬಡಾವಣೆಯ ಉದ್ಯಾನದಂತೆ. ಪುರಸಭೆ ನಡೆಸುತ್ತದೆ, ಸಾರ್ವಜನಿಕ ಸ್ಕೇಟಿಂಗ್‌ಗೆ ಕೆಲವೇ ಡಾಲರ್ ಶುಲ್ಕ, ಹುಟ್ಟುಹಬ್ಬಕ್ಕೆ ಪಕ್ಕದ ಕೋಣೆ ಬಾಡಿಗೆಗೆ ಸಿಗುತ್ತದೆ. ಆದರೆ ಅಲ್ಲಿಯೂ ಸಾರ್ವಜನಿಕ ಟಿಕೆಟ್ ಮುಖ್ಯ ಆದಾಯವಲ್ಲ. ಬೆಳಗಿನ ಜಾವದಿಂದ ನಡುರಾತ್ರಿಯವರೆಗೆ ಐಸ್ ಹಾಕಿ ತಂಡಗಳು ಗಂಟೆಗಳ ಲೆಕ್ಕದಲ್ಲಿ ಅಂಗಳವನ್ನು ಬಾಡಿಗೆಗೆ ಪಡೆಯುತ್ತವೆ. ಕೊರತೆ ಬಿದ್ದುದನ್ನು ಮನೆ ತೆರಿಗೆಯ ಹಣ ತುಂಬುತ್ತದೆ. ಮೈಸೂರಿನಲ್ಲಿ ಹಾಕಿ ತಂಡಗಳಿಲ್ಲ. ಕಂದಾಯದ ಹಣದಲ್ಲಿ ಮಂಜುಗಡ್ಡೆ ಸಾಕಿರೆಂದು ಪಾಲಿಕೆಗೆ ಹೇಳುವ ಧೈರ್ಯ, ಒಳಚರಂಡಿ ಕಟ್ಟಿಕೊಳ್ಳುವ ಊರಿನಲ್ಲಿ, ಯಾರಿಗೂ ಬರಲಾರದು, ಬರಬಾರದು ಕೂಡ.

ಉಳಿದಿರುವುದು ಸಮಾರಂಭಗಳು. ಮಂಜುಗಡ್ಡೆಯ ಮೇಲೆ ಶಾಖ ನಿರೋಧಕ ಹಲಗೆಗಳನ್ನು ಜೋಡಿಸಿ, ಅದನ್ನು ಕರಗಿಸದೆಯೇ ಸಂಗೀತ ಕಛೇರಿ, ವಸ್ತುಪ್ರದರ್ಶನ, ಸಮ್ಮೇಳನ ನಡೆಸುವ ಪದ್ಧತಿ ಪಶ್ಚಿಮದ ದೊಡ್ಡ ಕ್ರೀಡಾಂಗಣಗಳಲ್ಲಿ ದಶಕಗಳಿಂದ ಇದೆ. ರಾತ್ರಿ ಹಲಗೆ ಹಾಸಿದರೆ ಬೆಳಿಗ್ಗೆ ಎತ್ತಿ ಮತ್ತೆ ಸ್ಕೇಟಿಂಗ್. ಕಲ್ಯಾಣ ಮಂಟಪಗಳಿಗೆ ಲಗ್ನದ ತಿಂಗಳುಗಳಲ್ಲಿ ವರ್ಷ ಮೊದಲೇ ಮುಂಗಡ ಕೊಡುವ ಮೈಸೂರಿನಲ್ಲಿ ಇದು ಆಕರ್ಷಕವಾಗಿಯೇ ಕಾಣುತ್ತದೆ.

ಆದರೆ ನಮ್ಮ ಸಮಾರಂಭಗಳ ಸ್ವರೂಪವೇ ಬೇರೆ. ಸಾವಿರ ಜನ ಸೇರಿದರೆ ಅವರ ಉಸಿರು ಮತ್ತು ಮೈಬಿಸಿಯೇ ದೊಡ್ಡ ಹೊರೆ. ಕುಳಿತಿರುವ ಒಬ್ಬ ವ್ಯಕ್ತಿ ಸುಮಾರು 100 ವ್ಯಾಟ್ ದೀಪದಷ್ಟು ಶಾಖ ಹೊರಸೂಸುತ್ತಾನೆ. ಹೋಮದ ಹೊಗೆ, ಅಡುಗೆಮನೆಯ ಹಬೆ, ಒಗ್ಗರಣೆಯ ಎಣ್ಣೆಯ ಸೂಕ್ಷ್ಮ ಹನಿಗಳು ಹೊಳಪಿನ ಛಾವಣಿಯ ಮೇಲೂ ಮಂಜುಗಡ್ಡೆಯ ಮೇಲೂ ಕೂರುತ್ತವೆ. ಹೊಳಪು ಮಾಸಿದ ಛಾವಣಿ ಮತ್ತೆ ಶಾಖ ಸುರಿಸತೊಡಗುತ್ತದೆ. ಹಾಗಾಗಿ ಮದುವೆಗಿಂತ ಕಂಪನಿಗಳ ಸಭೆ, ಶಾಲಾ ವಾರ್ಷಿಕೋತ್ಸವ, ಮಕ್ಕಳ ಹುಟ್ಟುಹಬ್ಬ ಇಂಥವೇ ಹೊಂದುತ್ತವೆ. ಹೆಬ್ಬಾಳ ಕೈಗಾರಿಕಾ ಪ್ರದೇಶವೂ ಇನ್ಫೋಸಿಸ್ ಆವರಣವೂ ಪಕ್ಕದಲ್ಲೇ ಇರುವುದು ವಿಜಯನಗರಕ್ಕೆ ಈ ವಿಷಯದಲ್ಲಿ ಅನುಕೂಲ.

ಜಾಗದ ಪ್ರಶ್ನೆಯೂ ಇದೆ. ಪ್ರಾಧಿಕಾರದ ಬಡಾವಣೆಗಳಲ್ಲಿ ಇಷ್ಟು ವಿಸ್ತಾರವಾದ ಜಾಗ ಸಿಗುವುದಿದ್ದರೆ ಅದು ನಾಗರಿಕ ಸೌಲಭ್ಯಕ್ಕೆ ಮೀಸಲಾದ, ಜನ ಸಿ.ಎ. ನಿವೇಶನ ಎನ್ನುವ ಜಾಗವೇ. ಅದನ್ನು ಕ್ರೀಡೆಗೆಂದು ಪಡೆದು, ವರ್ಷದ ಬಹುಪಾಲು ಸಮಾರಂಭಗಳಿಗೆ ಬಾಡಿಗೆ ಕೊಟ್ಟರೆ ಹಂಚಿಕೆಯ ಉದ್ದೇಶವೇ ಪ್ರಶ್ನೆಗೆ ಒಳಗಾಗುತ್ತದೆ. ಬಾಡಿಗೆ ಇಲ್ಲದೆ ಅಂಗಳ ಉಳಿಯದು, ಬಾಡಿಗೆ ಹೆಚ್ಚಾದರೆ ಅದು ಸಮುದಾಯದ ಅಂಗಳವಾಗಿ ಉಳಿಯದು.

ಸುರಕ್ಷತೆಯನ್ನೂ ಮರೆಯುವಂತಿಲ್ಲ. ದೊಡ್ಡ ರಿಂಕ್‌ಗಳಲ್ಲಿ ಶೀತಕವಾಗಿ ಬಳಕೆಯಾಗುವ ಅಮೋನಿಯಾ ದಕ್ಷವಾದರೂ ವಿಷಕಾರಿ. 2017ರ ಅಕ್ಟೋಬರ್‌ನಲ್ಲಿ ಕೆನಡಾದ ಫರ್ನಿ ಪಟ್ಟಣದ ಐಸ್ ಅಂಗಳದಲ್ಲಿ ಅಮೋನಿಯಾ ಸೋರಿ ಮೂವರು ಕೆಲಸಗಾರರು ಅಸುನೀಗಿದರು. ಮನೆಗಳ ನಡುವೆ ಕಟ್ಟುವುದಾದರೆ ಶೀತಕದ ಆಯ್ಕೆಯಲ್ಲಿಯೇ ಎಚ್ಚರ ಅಗತ್ಯ. 2022ರ ಬೀಜಿಂಗ್ ಒಲಿಂಪಿಕ್ಸ್‌ನ ವೇಗದ ಸ್ಕೇಟಿಂಗ್ ಅಂಗಳದಲ್ಲಿ ಇಂಗಾಲದ ಡೈಆಕ್ಸೈಡನ್ನೇ ಶೀತಕವಾಗಿ ಬಳಸಲಾಯಿತು. ಬಿಸಿ ಹವೆಯಲ್ಲಿ ಅದರ ದಕ್ಷತೆ ಕುಗ್ಗುತ್ತದೆ ಎಂಬುದು ನಮಗಿರುವ ತೊಡಕು.

ಹತ್ತಿರದ ದಾರಿಗಳು

ಕೆಆರ್‌ಎಸ್ ರಸ್ತೆಯ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್‌ನವರು ಮೈಸೂರಿನಲ್ಲಿ ಆರಂಭಿಸಿದ ಸ್ನೋ ಪಾರ್ಕ್, 2012ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸ್ನೋ ಸಿಟಿ ಇವುಗಳನ್ನು ಐಸ್ ರಿಂಕ್ ಎಂದು ತಿಳಿಯಬಾರದು. ಅಲ್ಲಿ ಇಡೀ ಕೋಣೆಯನ್ನೇ ಶೂನ್ಯಕ್ಕಿಂತ ಕೆಳಗಿಟ್ಟು ಹಿಮ ಹರಡುತ್ತಾರೆ. ಸ್ಕೇಟಿಂಗ್ ಕಲಿಯುವುದಕ್ಕೆ ಅದು ಒದಗದು. ಕೆಲವು ಮಾಲ್‌ಗಳಲ್ಲಿ ಐಸ್ ಸ್ಕೇಟಿಂಗ್ ಎಂದು ಫಲಕ ಹಾಕಿರುವೆಡೆ ಇರುವುದು ಪ್ಲಾಸ್ಟಿಕ್ ಹಲಗೆ. ಅದರ ಮೇಲೆ ಅಲಗು ಓಡುತ್ತದೆ, ವಿದ್ಯುತ್ತೂ ಬೇಡ. ಆದರೆ ಉಜ್ಜಾಟ ಹೆಚ್ಚು, ಕಾಲು ಬೇಗ ದಣಿಯುತ್ತದೆ. ಟಿಕೆಟ್ ಕೊಳ್ಳುವ ಮುನ್ನ ಮುಟ್ಟಿ ನೋಡುವುದು ಒಳಿತು.

ಲೆಕ್ಕಕ್ಕೆ ಒಗ್ಗುವುದು ಸಣ್ಣ ಅಂಗಳವೇ. 30 ಮೀಟರ್ ಉದ್ದ, 20 ಮೀಟರ್ ಅಗಲವಾದರೆ 600 ಚದರ ಮೀಟರ್. ಶಾಖದ ಹೊರೆ ಮೂರನೆಯ ಒಂದು ಭಾಗ. ಅಂತರರಾಷ್ಟ್ರೀಯ ಸ್ಪರ್ಧೆ ಅಲ್ಲಿ ನಡೆಯದು, ಆದರೆ ಮಗುವೊಂದು ಸಮತೋಲನ, ತಿರುವು, ನಿಲುಗಡೆ ಕಲಿಯಲು ಧಾರಾಳವಾಗಿ ಸಾಕು. ಕಂಪ್ರೆಸರ್ ಹೊರಗೆ ಬಿಸಾಡುವ ಶಾಖದಿಂದ ನೀರು ಕಾಯಿಸಿ ಪಕ್ಕದ ಈಜುಕೊಳಕ್ಕೋ ಸ್ನಾನಗೃಹಕ್ಕೋ ಕೊಡುವ ಪದ್ಧತಿ ಯುರೋಪಿನಲ್ಲಿದೆ. ಬಿಸಿಲು ಜೋರಾದ ಹೊತ್ತಿಗೇ ಯಂತ್ರದ ಹೊರೆಯೂ ಹೆಚ್ಚುವುದರಿಂದ ಛಾವಣಿಯ ಮೇಲಿನ ಸೌರ ಫಲಕಗಳು ಇಲ್ಲಿ ಬೇರೆಡೆಗಿಂತ ಚೆನ್ನಾಗಿ ಹೊಂದುತ್ತವೆ.

ಇದಾವುದೂ ಆಗದಿದ್ದರೆ, ಒಳ್ಳೆಯ ಗಾಲಿ ಸ್ಕೇಟಿಂಗ್ ಅಂಗಳವೊಂದು ಇದರ ಅತ್ಯಲ್ಪ ಭಾಗದ ಖರ್ಚಿನಲ್ಲಿ ಆಗುತ್ತದೆ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯಾಡ್‌ನ ಗಾಲಿ ಸ್ಕೇಟಿಂಗ್ ರಿಲೇಯಲ್ಲಿ ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಕಂಚು ಗೆದ್ದವು. ಆ ತಂಡದಲ್ಲಿದ್ದ ತಮಿಳುನಾಡಿನ ಆನಂದಕುಮಾರ್ ವೇಲ್‌ಕುಮಾರ್ 2025ರಲ್ಲಿ ಚೀನಾದಲ್ಲಿ ವಿಶ್ವ ಚಾಂಪಿಯನ್ ಆದರು. ಒಂದೇ ಸಾಲಿನ ಗಾಲಿಗಳ ಮೇಲೆ ವೇಗ ಕಲಿತವರು ಮಂಜುಗಡ್ಡೆಗೆ ಬೇಗ ಒಗ್ಗುತ್ತಾರೆ. ಐಸ್ ಸ್ಪರ್ಧೆಗಳಿಗಿಳಿಯುವ ಭಾರತೀಯರಲ್ಲಿ ಬಹಳ ಮಂದಿ ಗಾಲಿಯಿಂದಲೇ ಬಂದವರು.

ಮೊದಲ ಸಲ ಹೋಗುವವರಿಗೆ

ಪ್ರವಾಸದಲ್ಲಿಯೋ ವಿದೇಶದ ಬಂಧುಗಳ ಮನೆಗೆ ಹೋದಾಗಲೋ ಐಸ್ ರಿಂಕ್‌ಗೆ ಇಳಿಯುವ ಓದುಗರಿಗೆ ಕೆಲವು ಸಂಗತಿಗಳು ಉಪಯುಕ್ತ. ಸೀರೆ, ಚೂಡಿದಾರದ ದುಪಟ್ಟಾ, ನೆಲ ಮುಟ್ಟುವ ಪ್ಯಾಂಟು ಬೇಡ, ಅಲಗಿಗೆ ಸಿಕ್ಕಿಕೊಳ್ಳುತ್ತವೆ. ಹಿಮ್ಮಡಿಗಿಂತ ಮೇಲೆ ಬರುವ ತೆಳುವಾದ ಕಾಲುಚೀಲ ಮತ್ತು ಕೈಗವಸು ಅಗತ್ಯ. ಬೂಟು ದಿನನಿತ್ಯದ ಅಳತೆಗಿಂತ ಸಡಿಲವಾಗಿರಬಾರದು, ಪಾದದ ಗಂಟಿನ ಬಳಿ ಲಾಡಿ ಬಿಗಿಯಾಗಿರಬೇಕು. ಮಂಡಿ ಬಾಗಿಸಿ ನಿಂತವರು ಬೀಳುವುದು ಕಡಿಮೆ. ಹಿಂದಕ್ಕೆ ವಾಲಿದವರು ತಲೆಗೆ ಪೆಟ್ಟು ಮಾಡಿಕೊಳ್ಳುತ್ತಾರೆ. ಬೀಳುವುದು ಖಚಿತವೆನಿಸಿದಾಗ ಕುಕ್ಕರಗಾಲಿನಲ್ಲಿ ಕುಳಿತು ಪಕ್ಕಕ್ಕೆ ಉರುಳುವುದೇ ಕ್ಷೇಮ. ಎಲ್ಲರೂ ಸುತ್ತುವ ದಿಕ್ಕಿನಲ್ಲೇ ಸುತ್ತಬೇಕು. ಬಿದ್ದಮೇಲೆ ಅಂಗೈಯನ್ನು ಅಂಗಳದ ಮೇಲೆ ಹರಡಿ ಕೂರದೆ ಬೆರಳುಗಳನ್ನು ಮುಷ್ಟಿಯಾಗಿ ಮಡಚಿಕೊಂಡು ಏಳಬೇಕು. ಹಿಂದಿನಿಂದ ಬರುವವರ ಅಲಗು ಚಾಕುವಿಗಿಂತ ಮೊಂಡಾಗಿರುವುದಿಲ್ಲ.